‘ಗ್ಯಾಂಗ್’: ಒಂದು ಇಂಗ್ಲಿಷ್ ಪದದ ಅರ್ಥಪಥ ಮತ್ತು ಜಮಖಂಡಿ ಸೀಮೆಯ ಕಬ್ಬಿನ ಕನ್ನಡ

ಸಾರಾಂಶ: ‘ಗ್ಯಾಂಗ್’ ಪದದ ವ್ಯುತ್ಪತ್ತಿಯನ್ನೂ ಬಾಗಲಕೋಟೆ ಜಿಲ್ಲೆಯ ಕಬ್ಬಿನ ಸೀಮೆಯಲ್ಲಿ ಅದು ಪಡೆದಿರುವ ಅರ್ಥವನ್ನೂ ಪರಿಶೀಲಿಸಿ, ಕನ್ನಡ ನಿಘಂಟು ಅದರ ಅರ್ಥಗಳನ್ನು ಯಾವ ಕ್ರಮದಲ್ಲಿ ದಾಖಲಿಸಬೇಕೆಂಬುದನ್ನು ಈ ಲೇಖನದಲ್ಲಿ ಚರ್ಚಿಸಿದ್ದೇವೆ.

1. ಸಮಸ್ಯೆ

ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳಲ್ಲಿ ಕಬ್ಬು ನುರಿಸುವ ಹಂಗಾಮು ಆರಂಭವಾದೊಡನೆ ರೈತರು ಪರಸ್ಪರ ಕೇಳುವ ಪ್ರಶ್ನೆ “ಗ್ಯಾಂಗ ಬಂತೇನ್ರಿ?” ಎಂಬುದು. ಇಲ್ಲಿ ‘ಗ್ಯಾಂಗ’ ಎಂದರೆ ಕಬ್ಬು ಕಡಿಯುವ ಕೂಲಿಕಾರರ ತಂಡ. ಪತ್ರಿಕೆಯ ಅಪರಾಧಪುಟದಲ್ಲಿ ಅದೇ ಪದ ಕಳ್ಳರ ಕೂಟವನ್ನು ಸೂಚಿಸುತ್ತದೆ. ಇದು ಎರಡು ಅರ್ಥಗಳುಳ್ಳ ಒಂದು ಪದವೋ, ಒಂದೇ ರೂಪದ ಎರಡು ಪದಗಳೋ?

2. ವ್ಯುತ್ಪತ್ತಿ

ಹಳೆಯ ಇಂಗ್ಲಿಷಿನಲ್ಲಿ ‘ಗಾಂಗ್’ ಎಂದರೆ ನಡೆ, ಪಯಣ, ದಾರಿ. ಹಡಗಿನ ‘ಗ್ಯಾಂಗ್‌ವೇ’, ನಡಿಗೆಯನ್ನೂ ಮೊಗಸಾಲೆಯನ್ನೂ ಹೇಳುವ ಜರ್ಮನ್ನಿನ ‘ಗಾಂಗ್’ ಇವುಗಳಲ್ಲಿ ಆ ಅರ್ಥ ಉಳಿದಿದೆ. ಮುಂದೆ ಅದು ಜೊತೆಯಾಗಿ ಸಾಗುವ ವಸ್ತುಗಳಿಗೂ ಸಲಕರಣೆಗಳ ಕಟ್ಟಿಗೂ ಅನ್ವಯಿಸಿತು. 17ನೆಯ ಶತಮಾನದಲ್ಲಿ ಕೆಲಸಗಾರರ ತಂಡ ಎಂಬ ಅರ್ಥವೂ ದುಷ್ಟಕೂಟ ಎಂಬ ಹೀನಾರ್ಥವೂ ಕಾಣಿಸಿಕೊಂಡವು. ‘ಗ್ಯಾಂಗ್‌ಸ್ಟರ್’ 19ನೆಯ ಶತಮಾನದ ಕೊನೆಗೆ ಅಮೆರಿಕದಲ್ಲಿ ಹುಟ್ಟಿದ ರೂಪ.

ಕನ್ನಡದ ಓದುಗರು ಇದನ್ನು ‘ಗಮನ’, ‘ಗಂಗಾ’ ಪದಗಳೊಡನೆ ಜೋಡಿಸುವ ಸಂಭವವುಂಟು. ಅರ್ಥಸಾಮ್ಯ, ಧ್ವನಿಸಾಮ್ಯ ಎರಡೂ ಇದ್ದರೂ ಈ ಸಂಬಂಧ ನಿಲ್ಲದು. ಸಂಸ್ಕೃತದ ‘ಗಮ್’ ಧಾತುವಿನ ಜ್ಞಾತಿಪದ ಇಂಗ್ಲಿಷಿನ ‘ಕಮ್’. ‘ಗ್ಯಾಂಗ್’ ಪದದ ನಿಜವಾದ ಸಂಸ್ಕೃತ ಜ್ಞಾತಿ ‘ಜಂಘಾ’, ಅಂದರೆ ಮೊಣಕಾಲಿನ ಕೆಳಗಿನ ಭಾಗ. ‘ಜಂಘಾಬಲ ಉಡುಗಿತು’ ಎನ್ನುವಾಗ ನಾವು ಬಳಸುವ ತತ್ಸಮವೂ ಕಬ್ಬಿನ ಗ್ಯಾಂಗೂ ಒಂದೇ ಮೂಲ ಇಂಡೋ-ಯುರೋಪಿಯನ್ ಧಾತುವಿಗೆ ಸೇರಿದವು.

3. ಕಬ್ಬಿನ ಸೀಮೆಯ ಪ್ರಯೋಗ

ವ್ಯಾಕರಣದಲ್ಲಿ ಪದ ಸಂಪೂರ್ಣವಾಗಿ ಕನ್ನಡವಾಗಿದೆ. ‘ಗ್ಯಾಂಗ ಬಂತು’ ಎಂಬಲ್ಲಿ ನಪುಂಸಕ ಏಕವಚನವಿದ್ದು ತಂಡ ಒಂದು ಘಟಕವಾಗಿ ತೋರುತ್ತದೆ. ‘ಗ್ಯಾಂಗಿನವರು ಬಂದರು’ ಎಂಬಲ್ಲಿ ಮನುಷ್ಯರು ಕಾಣಿಸಿಕೊಳ್ಳುತ್ತಾರೆ. ಮುಂಗಡ ಸಲ್ಲುವುದು ಘಟಕದ ಲೆಕ್ಕಕ್ಕೆ, ದುಡಿಯುವುದು ಮನುಷ್ಯರು. ಎರಡು ರೂಪಗಳ ಅಂತರ ಈ ವ್ಯವಸ್ಥೆಯನ್ನೇ ಪ್ರತಿಬಿಂಬಿಸುತ್ತದೆ.

ಗ್ಯಾಂಗಿನ ಮುಂದಾಳು ‘ಮುಕಾದಮ’. ‘ಮುಂದೆ ಇರಿಸಲ್ಪಟ್ಟವನು’ ಎಂಬ ಅರ್ಥದ ಅರಬ್ಬಿ ‘ಮುಕದ್ದಮ್’ ಇದರ ಮೂಲ. ನೆರೆಯ ಮರಾಠಿಯಲ್ಲಿ ಇಂಥ ತಂಡಕ್ಕೆ ‘ಟೋಳಿ’ ಎನ್ನುತ್ತಾರೆ. ಅದಕ್ಕೂ ಕೆಲಸಗಾರರ ತಂಡ, ದುಷ್ಟಕೂಟ ಎಂಬ ಎರಡು ಅರ್ಥಗಳಿವೆ. ಅಲ್ಲಿ ಜೊತೆಯಾಗಿ ಕಬ್ಬು ಕಡಿಯುವ ಗಂಡಹೆಂಡಿರನ್ನು ‘ಕೊಯ್ತಾ’, ಅಂದರೆ ಕತ್ತಿ, ಎಂಬ ಮಾತಿನಿಂದ ಎಣಿಸುತ್ತಾರೆ. ಸಲಕರಣೆಯ ಹೆಸರು ದುಡಿಯುವವರಿಗೆ ಸಲ್ಲುವ ಈ ಲಕ್ಷಣಾವ್ಯಾಪಾರ, ಇಂಗ್ಲಿಷಿನ ‘ಗ್ಯಾಂಗ್’ ಸಲಕರಣೆಗಳಿಂದ ಕೆಲಸಗಾರರತ್ತ ಸಾಗಿದ ಹಾದಿಯನ್ನು ನೆನಪಿಸುತ್ತದೆ.

‘ತಂಡ’ ಎಂಬ ಪದ ಇದಕ್ಕೆ ಪೂರ್ತಿ ಪರ್ಯಾಯವಾಗದು. ಕ್ರಿಕೆಟಿಗೂ ನಾಟಕಕ್ಕೂ ತಂಡವುಂಟು. ಮುಂಗಡ, ಮುಕಾದಮ, ಕಾರ್ಖಾನೆ ಈ ಮೂರರ ಕಟ್ಟು ‘ಗ್ಯಾಂಗ’ದಲ್ಲಿ ಮಾತ್ರ ಧ್ವನಿತವಾಗುತ್ತದೆ.

4. ನಿಘಂಟಿನ ಹೊಣೆ

ಎರಡೂ ಅರ್ಥಗಳಿಗೆ ‘ಒಟ್ಟಾಗಿ ಸಾಗುವವರು’ ಎಂಬ ಸಾಮಾನ್ಯ ತಿರುಳಿರುವುದರಿಂದ ಇದನ್ನು ಬಹ್ವರ್ಥಕ ಪದವೆಂದೇ, ಒಂದೇ ಉಲ್ಲೇಖದಡಿ ದಾಖಲಿಸಬೇಕೆಂಬುದು ನಮ್ಮ ಅಭಿಪ್ರಾಯ. ಆದರೆ ಕ್ರಮ ಮುಖ್ಯ. ‘ಮುಂಗಡ ಪಡೆದ ಗ್ಯಾಂಗ್ ನಾಪತ್ತೆ’ ಎಂಬ ವಾಕ್ಯವನ್ನು ಗಮನಿಸಿ. ಕಬ್ಬಿನ ಸೀಮೆಯವರಿಗೆ ಇದು ಕರಾರು ಮುರಿದ ಸುದ್ದಿ. ಅದಕ್ಕೆ ಕೂಲಿ, ಕಾಯಿಲೆ, ಸಾಲ ಯಾವುದೂ ಕಾರಣವಿರಬಹುದು. ಅಪರಾಧದ ಅರ್ಥವನ್ನಷ್ಟೇ ಬಲ್ಲ ಓದುಗರಿಗೆ ಇದು ವಂಚಕರ ಕಥೆ. ಪದದ ಒಂದು ಅರ್ಥ ಇನ್ನೊಂದರ ಮೇಲೆ ನೆರಳು ಚೆಲ್ಲಿ, ವಿಚಾರಣೆಗೆ ಮೊದಲೇ ತೀರ್ಪು ಕೊಟ್ಟಂತಾಗುತ್ತದೆ.

ಆದುದರಿಂದ ದುಡಿಮೆಯ ಅರ್ಥವನ್ನು ಮೊದಲು, ಪ್ರಾದೇಶಿಕ ಪ್ರಯೋಗದ ನಿದರ್ಶನದೊಡನೆ ಕೊಟ್ಟು, ಹೀನಾರ್ಥವನ್ನು ಎರಡನೆಯದಾಗಿ ಸೂಚಿಸುವುದು ಯುಕ್ತ. ಈ ನಾಲ್ಕು ತಾಲ್ಲೂಕುಗಳ ಆಡುಮಾತು ‘ಗ್ಯಾಂಗ್’ ಪದವನ್ನು ದುಡಿಯುವವರ ಹೆಸರಾಗಿ ಉಳಿಸಿಕೊಂಡಿದೆ. ನಿಘಂಟು ಅದನ್ನು ಕಳೆಯಬಾರದು.