ಒಣಗಿದ ಕಾಡು ಸತ್ತ ಕಾಡಲ್ಲ

ಮಾನಖುರ್ದದಿಂದ ವಾಶಿಗೆ ಲೋಕಲ್ ಗಾಡಿಯಲ್ಲಿ ಖಾಡಿ ದಾಟುವ ನಮ್ಮ ಬಂಧುಗಳಿಗೆ ದಡದ ಹಸುರು ಕಾಡು ಅಪರಿಚಿತವಲ್ಲ. ನಮ್ಮ ಕರಾವಳಿಯ ಕಾಂಡ್ಲ ಕಾಡೇ ಅದು. ಕೆಲವು ವರ್ಷ ಮಳೆಗಾಲದ ಕೊನೆಗೆ ಮುಂಬಯಿಯ ಖಾಡಿಗಳಲ್ಲಿ ಈ ಕಾಡಿನ ಹಲವು ಭಾಗಗಳು ಬೆಂಕಿ ತಗುಲಿದಂತೆ ಕಂದಿಹೋಗುತ್ತವೆ. ಯಾರೋ ವಿಷ ಹಾಕಿದರೆಂದು ಜನ ಆಡಿಕೊಳ್ಳುವುದುಂಟು. ಆದರೆ ಎಷ್ಟೋ ಸಲ ಇದಕ್ಕೆ ಕಾರಣ ಪುಟ್ಟದೊಂದು ಪತಂಗದ ಮರಿಹುಳು.

ಶಾಸ್ತ್ರಜ್ಞರು ಇದನ್ನು ಹಿಬ್ಲಿಯಾ ಪ್ಯೂರಾ ಎನ್ನುತ್ತಾರೆ. ರೆಕ್ಕೆ ಬಿಚ್ಚಿದರೆ ಮೂರು ನಾಲ್ಕು ಸೆಂಟಿಮೀಟರು. ಮುಂದಿನ ರೆಕ್ಕೆಗೆ ತರಗೆಲೆಯ ಬಣ್ಣ. ಅದರಡಿ ಅಡಗಿದ ಹಿಂದಿನ ರೆಕ್ಕೆಯಲ್ಲಿ ಕಪ್ಪಿನ ನಡುವೆ ಕಿತ್ತಳೆಯ ಪಟ್ಟೆ. ದಕ್ಷಿಣದಲ್ಲಿ ಇದು ತೇಗದ ಶತ್ರುವೆಂದೇ ಪ್ರಸಿದ್ಧ. ನಿಲಂಬೂರಿನ ಎಳೆಯ ತೇಗದ ತೋಪಿನಲ್ಲಿ ಮರವು ಬೆಳೆಸಿಕೊಳ್ಳಬೇಕಾದ ಗಾತ್ರದಲ್ಲಿ ನೂರಕ್ಕೆ 44 ಪಾಲು ಈ ಹುಳುವಿನಿಂದ ನಷ್ಟವಾಗುವುದೆಂದು ಕೇರಳ ಅರಣ್ಯ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1985ರಲ್ಲಿ ತೋರಿಸಿಕೊಟ್ಟರು.

ಘಟ್ಟದ ತೇಗವೆಲ್ಲಿ, ಉಪ್ಪುನೀರಿನ ಕಾಂಡ್ಲವೆಲ್ಲಿ ಎಂದು ವಾಚಕರು ಕೇಳಬಹುದು. ಕಾಂಡ್ಲದಲ್ಲಿ ಹಲವು ಜಾತಿಗಳುಂಟು. ಅವುಗಳಲ್ಲಿ ಮರಾಠಿಗರು ತಿವರವೆನ್ನುವ ಮರವೇ ಈ ಹುಳುವಿನ ಆಹಾರ. ಹಿಂದಿನ ಸಸ್ಯಶಾಸ್ತ್ರಜ್ಞರು ತೇಗ, ತಿವರ ಮತ್ತು ನಮ್ಮೂರ ಬೇಲಿಯ ಲಕ್ಕಿಗಿಡಗಳನ್ನು ಒಂದೇ ಕುಟುಂಬಕ್ಕೆ ಸೇರಿಸಿದ್ದರು. ಇಂದಿನವರು ತಿವರವನ್ನು ಬೇರ್ಪಡಿಸಿದ್ದಾರೆ. ಹುಳು ಮಾತ್ರ ಆ ಹಳೆಯ ನೆಂಟಸ್ತಿಕೆಯನ್ನು ಮರೆತಿಲ್ಲ!

ಹುಳುವಿನ ಕೆಲಸವನ್ನು ಗುರುತಿಸುವುದು ಸುಲಭ. ಎಲೆಯ ಹಸುರು ಹೋಗಿ ನರಗಳು ಉಳಿದಿರುತ್ತವೆ. ತಿವರದ ಪಕ್ಕದಲ್ಲಿಯೇ ಬೇರೆ ಜಾತಿಯ ಕಾಂಡ್ಲ ಹಸುರಾಗಿ ನಿಂತಿರುತ್ತದೆ. ವಿಷಕ್ಕೆ ಇಷ್ಟು ವಿವೇಚನೆಯಿಲ್ಲ. ಮೊಟ್ಟೆಯಿಂದ ಪತಂಗವಾಗಲು ಸುಮಾರು ಮೂರು ವಾರ ಸಾಕು. ಹುಳುಗಳ ಹಾವಳಿ ಮುಗಿದ ಮೇಲೆ ಆರೋಗ್ಯವಂತ ಮರ ಮತ್ತೆ ಚಿಗುರುತ್ತದೆ. ಔಷಧಿ ಸಿಂಪಡಿಸಿದರೆ ಹುಳುವಿನೊಡನೆ ಏಡಿ, ಸಿಗಡಿ, ಮೀನುಮರಿಗಳಿಗೂ, ಅವನ್ನೇ ನಂಬಿದ ಕೋಳಿ ಜನರ ಅನ್ನಕ್ಕೂ ಕುತ್ತು.

ನಿಜವಾದ ಅಪಾಯವಿರುವುದು ಬೇರೆ ಕಡೆ. ಹುಳು ತಿಂದ ಮರ ಚಿಗುರೀತು. ಕಲ್ಲುಮಣ್ಣು ತುಂಬಿ ಬೇರಿನ ಉಸಿರು ಕಟ್ಟಿದ ಮರ ಚಿಗುರದು. 'ಹೇಗೂ ಒಣಗಿದೆ' ಎಂಬ ನೆಪವೊಂದೇ ಅತಿಕ್ರಮಣಕಾರರಿಗೆ ಸಾಕು. ಕಾಂಡ್ಲ ಕಾಡಿನ ನಾಶಕ್ಕೆ ಮುಂಬಯಿ ಉಚ್ಚ ನ್ಯಾಯಾಲಯ 2005ರಲ್ಲಿಯೇ ತಡೆಯೊಡ್ಡಿದೆ. 2012ರಲ್ಲಿ ಮಹಾರಾಷ್ಟ್ರ ಸರಕಾರವು ಇದರ ರಕ್ಷಣೆಗೆಂದೇ ಅರಣ್ಯ ಇಲಾಖೆಯಲ್ಲಿ ಪ್ರತ್ಯೇಕ ವಿಭಾಗವನ್ನು ತೆರೆಯಿತು. ಆದರೂ ರಾತ್ರಿ ಹೊತ್ತು ಬಂದು ಕಲ್ಲುಮಣ್ಣು ಸುರಿಯುವ ಲಾರಿಗಳನ್ನು ಕಾನೂನೊಂದೇ ತಡೆಯಲಾರದು.

ನಮ್ಮ ಹೋಟೆಲು ಬಂಧುಗಳಲ್ಲಿ ಒಂದು ವಿನಂತಿ: ಹೋಟೆಲು ದುರಸ್ತಿಯಾದಾಗ ಒಡೆದ ಇಟ್ಟಿಗೆ, ಫರಸಿಗಳು ಎಲ್ಲಿಗೆ ಹೋಗುತ್ತವೆಂದು ಗುತ್ತಿಗೆದಾರನನ್ನು ಕೇಳಿ ತಿಳಿದುಕೊಳ್ಳಿರಿ. ಅನ್ನ ಕೊಟ್ಟ ಊರಿನ ದಡವನ್ನು ಕಾಯುವ ಕಾಡು ಅದು. ಅದರ ಮೇಲೆ ನಮ್ಮ ಮನೆಯ ಮಣ್ಣು ಬೀಳದಿರಲಿ.