ಬಿಸಿ ಆಮ್ಲಜಲದಲ್ಲಿ ಗಂಧಕದ ಅಪಕರ್ಷಣ

ಸತು, ತಾಮ್ರಗಳನ್ನು ತೆಗೆಯುವ ಕಾರ್ಖಾನೆಗಳಿಂದ ಹೊರಬೀಳುವ ನೀರು ಅನೇಕವೇಳೆ ಬಿಸಿಯಾಗಿಯೂ ಆಮ್ಲೀಯವಾಗಿಯೂ ಇರುತ್ತದೆ. ಅದರಲ್ಲಿ ಸಲ್ಫೇಟೂ ಲೋಹಾಂಶವೂ ಕರಗಿರುತ್ತವೆ. ಸುಣ್ಣವನ್ನು ಬೆರೆಸುವುದು ಹಳೆಯ ಉಪಾಯ. ಅದರಿಂದ ಆಮ್ಲವು ಶಮನವಾಗುವುದು ನಿಜ. ಆದರೆ ಲೋಹವು ಜಿಪ್ಸಂ ಕೆಸರಿನೊಡನೆ ಬೆರೆತು ಯಾರಿಗೂ ಬೇಡದ ರಾಶಿಯಾಗುತ್ತದೆ.

ಸಲ್ಫೇಟನ್ನು ಅಪಕರ್ಷಿಸುವ ಬ್ಯಾಕ್ಟೀರಿಯವನ್ನು ಡೆಲ್ಫ್ಟಿನ ಬೈಯೆರಿಂಕ್ 1895ರಲ್ಲಿಯೇ ವರ್ಣಿಸಿದ್ದನು. ನೆದರ್ಲೆಂಡ್ಸಿನ ಬುಡೆಲ್ ಸತು ಕಾರ್ಖಾನೆಯಲ್ಲಿ ಇಂಥ ಜೀವಿಗಳನ್ನು 1992ರಲ್ಲಿ ಕಲುಷಿತ ಅಂತರ್ಜಲದ ಶುದ್ಧೀಕರಣಕ್ಕೆ ಹೂಡಲಾಯಿತು. ಅವು ಹುಟ್ಟಿಸಿದ ಸಲ್ಫೈಡಿನೊಡನೆ ಕೂಡಿ ತಳಕ್ಕಿಳಿದ ಸತು ಮರಳಿ ಕುಲುಮೆಗೇ ಸಂದಿತು.

ಆದರೆ ಈ ಜೀವಿಗಳಲ್ಲಿ ಹೆಚ್ಚಿನವು ಬಯಸುವುದು ತಟಸ್ಥವಾದ, ಉಗುರುಬೆಚ್ಚಗಿನ ನೀರನ್ನು. ಆಮ್ಲದಲ್ಲಿ ಹೈಡ್ರೊಜನ್ ಸಲ್ಫೈಡ್ ಅಯಾನುಗಳಾಗಿ ಒಡೆಯದೆ ಉಳಿದು ಜೀವಕೋಶದ ಪೊರೆಯನ್ನು ಸುಲಭವಾಗಿ ದಾಟುತ್ತದೆ. ತಾವು ಮಾಡಿದ ವಿಷವೇ ಅವುಗಳಿಗೆ ಮುಳುವಾಗುತ್ತದೆ. ನೀರನ್ನು ಮೊದಲು ತಣಿಸಿ, ಸುಣ್ಣವಿಕ್ಕಿ, ಆಮೇಲೆ ಜೀವಿಗಳಿಗೆ ಒಪ್ಪಿಸುವುದಾದರೆ ಉಳಿತಾಯವೆಲ್ಲಿ?

ಆದ್ದರಿಂದ ನಾವು ಬೇರೊಂದು ಕುಲದತ್ತ ನೋಡುತ್ತೇವೆ. ನೇಪಲ್ಸ್ ಸಮೀಪದ ಸೊಲ್ಫಟಾರ ಕುಂಡದಿಂದ ಪಡೆದು 1986ರಲ್ಲಿ ವರ್ಣಿಸಲಾದ ಅಸಿಡಿಯಾನಸ್ ಇನ್‌ಫರ್ನಸ್ 90 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಪಿಎಚ್ 2ರ ಸುಮಾರಿನಲ್ಲಿ ಹುಲುಸಾಗಿ ಬೆಳೆಯುತ್ತದೆ. ಆಮ್ಲಜನಕವಿದ್ದೆಡೆ ಅದು ಗಂಧಕವನ್ನು ಉತ್ಕರ್ಷಿಸುತ್ತದೆ. ಇಲ್ಲದೆಡೆ ಜಲಜನಕದ ನೆರವಿನಿಂದ ಅದನ್ನೇ ಅಪಕರ್ಷಿಸುತ್ತದೆ. ಸಲ್ಫೇಟಿನ ಒಂದು ಅಣುವಿಗೆ 8 ಎಲೆಕ್ಟ್ರಾನುಗಳು ಬೇಕಾದಲ್ಲಿ ಗಂಧಕದ ಒಂದು ಪರಮಾಣುವಿಗೆ 2 ಸಾಕು. ಜಲಜನಕದ ವೆಚ್ಚ ಕಾಲುಭಾಗಕ್ಕಿಳಿಯುತ್ತದೆ.

ಇಲ್ಲೊಂದು ಎಚ್ಚರ ಅಗತ್ಯ. ಹೊರಗಿನಿಂದ ಗಂಧಕವನ್ನು ಊಡಿ ಪಡೆದ ಸಲ್ಫೈಡು ಪ್ರಬಲ ಆಮ್ಲದಲ್ಲಿಯೂ ತಾಮ್ರವನ್ನು ಬೇರ್ಪಡಿಸುತ್ತದೆ. ಸತುವಿಗೆ ಆಮ್ಲೀಯತೆ ತಗ್ಗಬೇಕು. ನೀರಿನ ಸಲ್ಫೇಟಾದರೋ ಇದ್ದಂತೆಯೇ ಉಳಿಯುತ್ತದೆ. ಅದಕ್ಕೆ ಬುಡೆಲ್‌ನ ಮಾರ್ಗವನ್ನೇ ಮುಂದಿನ ತೊಟ್ಟಿಯಲ್ಲಿ ಹಿಡಿಯಬೇಕಾಗುವುದು.