ಸೊರ್ ಎಂದು ಸುರಿದರೂ ಬೈಯುವವರಿಲ್ಲ!

ಬಾಳೆಲೆಯ ಮೇಲಿನ ಪಾಯಸವನ್ನು ಅಜ್ಜ ಸೊರ್ ಎಂದು ಸುರಿದರೆ ಮೊಮ್ಮಕ್ಕಳಿಗೆ ನಗು. ಆದರೆ ಜಪಾನಿನ ಕ್ಯೋಟೊ ನಗರದ ‘ಹೊಂಕೆ ಓವಾರಿಯಾ’ದಲ್ಲಿ ಅಜ್ಜನ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಅಲ್ಲಿ ಎಲ್ಲರೂ ನೂಡಲ್ಸನ್ನು ಹಾಗೆಯೇ ಸದ್ದು ಮಾಡುತ್ತ ತಿನ್ನುತ್ತಾರೆ!

ಈ ಅಂಗಡಿ ಶುರುವಾದದ್ದು 1465ರಲ್ಲಿ. ಹಂಪಿಯಲ್ಲಿ ಕೃಷ್ಣದೇವರಾಯ ಪಟ್ಟಕ್ಕೆ ಬಂದದ್ದು 1509ರಲ್ಲಿ. ಅಷ್ಟು ಹೊತ್ತಿಗೆ ಅಂಗಡಿಗೆ 44 ವರ್ಷ!

ಮೊದಲು ಇಲ್ಲಿ ನೂಡಲ್ಸ್ ಇರಲಿಲ್ಲ, ಸಿಹಿತಿಂಡಿ ಮಾರುತ್ತಿದ್ದರು. ಹಿಟ್ಟು ನಾದಿ, ಲಟ್ಟಿಸಿ, ಕತ್ತರಿಸುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಬೌದ್ಧ ಮಠಗಳವರು ಅವರಿಂದ ‘ಸೋಬಾ’ ಮಾಡಿಸಿಕೊಳ್ಳತೊಡಗಿದರು. ಉತ್ತರ ಭಾರತದವರು ಉಪವಾಸದ ದಿನ ತಿನ್ನುವ ‘ಕುಟ್ಟು’ ಧಾನ್ಯದ ಹಿಟ್ಟಿನಿಂದ ಮಾಡುವ ನೂಡಲ್ಸೇ ಸೋಬಾ. ಹೊಸ ಕೆಲಸ ಕಲಿತರೂ ಹಳೆಯದನ್ನು ಬಿಡಲಿಲ್ಲ. ಇಂದಿಗೂ ಅಲ್ಲಿ ಸಿಹಿತಿಂಡಿ ಸಿಗುತ್ತದೆ.

ಇಲ್ಲಿನ ಹೆಸರುವಾಸಿ ತಿನಿಸು ‘ಹೊರಾಯ್ ಸೋಬಾ’. ಒಂದರ ಮೇಲೊಂದು ಜೋಡಿಸಿದ ಐದು ಪುಟ್ಟ ಪೆಟ್ಟಿಗೆಗಳಲ್ಲಿ ತಣ್ಣನೆಯ ನೂಡಲ್ಸ್ ಬರುತ್ತದೆ. ಜೊತೆಗೆ ಅಣಬೆ, ಎಳ್ಳು, ಮೂಲಂಗಿ ತುರಿ. ಕಡ್ಡಿಗಳಲ್ಲಿ ಎತ್ತಿ, ಸಾರಿನಲ್ಲಿ ಅದ್ದಿ, ಸೊರ್!

ತಿಂದು ಮುಗಿಯಿತೇ? ಏಳಬೇಡಿ. ನೂಡಲ್ಸ್ ಬೇಯಿಸಿದ ಬಿಸಿನೀರನ್ನು ತಂದಿಡುತ್ತಾರೆ. ಉಳಿದ ಸಾರಿಗೆ ಅದನ್ನು ಬೆರೆಸಿ ಕುಡಿಯುವುದು ಅಲ್ಲಿನ ರೂಢಿ. ಕಾಳು, ಸೊಪ್ಪು ಬಸಿದ ನೀರನ್ನು ನಮ್ಮ ಅಜ್ಜಿ ಚೆಲ್ಲುತ್ತಾರೆಯೇ? ಇಲ್ಲ, ಬಸ್ಸಾರು ಮಾಡುತ್ತಾರೆ.

ಈ ಸಲ ಮನೆಯಲ್ಲಿ ಬಸ್ಸಾರು ಮಾಡುವಾಗ ಅಜ್ಜಿಯ ಪಕ್ಕ ನಿಂತು ನೋಡಿ, ಮಕ್ಕಳೇ. ಕ್ಯೋಟೊದ ಅಂಗಡಿಯೂ ಇಷ್ಟು ವರ್ಷ ಬಾಳಿದ್ದು ಹೀಗೆಯೇ, ದೊಡ್ಡವರ ಪಕ್ಕ ನಿಂತು ಕಲಿತವರಿಂದ.